ದಾರಿಯಲ್ಲೇ ದೊರೆಯುವ ಕೂಲಿ



ಚಿಂಚೋಳಿ ತಾಲೂಕಿನ ಒಂದು ಹಳ್ಳಿಯಲ್ಲಿ, ತೊಗರಿಯ ರಾಶಿ ಮುಗಿದ ಮೇಲೆ, ರಾತ್ರಿ ಊಟವಾದ ಬಳಿಕ ಅಕ್ಷರ ಕಲಿಯುವುದಕ್ಕೆ ಕೆಲವು ಹೆಂಗಸರು ಕೂಡುತ್ತಿದ್ದರು. ಅವರಲ್ಲಿ ಒಬ್ಬಾಕೆ ಅರುವತ್ತು ದಾಟಿದ ಮುದುಕಿ. ಆಕೆಯ ಕಣ್ಣಿಗೆ ಪೊರೆ ಬರತೊಡಗಿತ್ತು. ಬಳಪ ಹಿಡಿದರೆ ಕೈ ನಡುಗುತ್ತಿತ್ತು. ಆದರೂ ಆಕೆಗೆ ಒಂದು ಆಸೆ ಇತ್ತು. ಮಾರ್ಕನ ಸುವಾರ್ತೆಯನ್ನು ಮೊದಲಿನಿಂದ ಕಡೆಯ ವರೆಗೆ ತಾನೇ, ಮತ್ತೊಬ್ಬರ ಬಾಯಿಂದಲ್ಲ, ಓದಬೇಕೆಂಬುದೇ ಆ ಆಸೆ. ನೆರೆಯವರು ಇದನ್ನು ಕೇಳಿ ನಕ್ಕರು. “ಊರು ಹೋಗು ಅನ್ನುತ್ತದೆ, ಕಾಡು ಬಾ ಅನ್ನುತ್ತದೆ, ಈಗ ಅಕ್ಷರ ಕಲಿತು ಯಾವ ಕಚೇರಿಗೆ ಹೋಗುತ್ತೀ?” ಅಂದರು.

ಒಂದು ರಾತ್ರಿ ಎಲ್ಲರೂ ಎದ್ದು ಹೋದ ಮೇಲೆ ಆಕೆ ಉಪದೇಶಿಯನ್ನು ಕೇಳಿದಳು: “ಯಪ್ಪಾ, ಖರೇ ಹೇಳು. ನಾನು ಸಾಯುವುದರೊಳಗೆ ಇದನ್ನು ಓದಿ ಮುಗಿಸುತ್ತೇನೋ ಇಲ್ಲವೋ?”

ಉಪದೇಶಿಯು ಸುಳ್ಳು ಧೈರ್ಯ ಹೇಳಲಿಲ್ಲ. “ಆಯೀ, ಅದು ನನಗೆ ತಿಳಿಯದು. ಈ ಹೊತ್ತು ಎಷ್ಟು ಓದಿದಿ?” ಅಂದನು.

“ಎರಡು ಸಾಲು.”

“ಓದುವಾಗ ಹೇಗಾಯಿತು?”

ಮುದುಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೊಟ್ಟೆ ತುಂಬಿದ ಹಾಗಾಯಿತು” ಅಂದಳು.

ಈ ಪಾಠದಲ್ಲಿ ನಾವು ವಿಚಾರಿಸತಕ್ಕದ್ದು ಆ ಮುದುಕಿಯ ಪ್ರಶ್ನೆಯನ್ನೇ. ಮುಗಿಸುವೆನೆಂಬ ಭರವಸೆ ಇಲ್ಲದ ಕೆಲಸಕ್ಕೆ ಕೈ ಹಾಕಬಹುದೋ? ಮುಟ್ಟಲಾರದ ಗುರಿಯ ಕಡೆಗೆ ನಡೆಯುವವನಿಗೆ ಸಂತೋಷವು ಎಲ್ಲಿಂದ ಬರುತ್ತದೆ? ಇದು ಪಂಡಿತರು ಮಾತ್ರ ಚರ್ಚಿಸುವ ಸಂಗತಿಯಲ್ಲ. ಮಕ್ಕಳನ್ನು ಓದಿಸಬೇಕೆಂದಿರುವ ತಾಯಿಗೂ, ಬರಡು ಹೊಲವನ್ನು ಒಡ್ಡು ಹಾಕಿ ತಿದ್ದುತ್ತಿರುವ ರೈತನಿಗೂ, ಊರಲ್ಲಿ ಕುಡಿತ ನಿಲ್ಲಬೇಕೆಂದು ಹೆಣಗುವ ಹಿರಿಯನಿಗೂ ಈ ಪ್ರಶ್ನೆಯು ಒಂದಲ್ಲ ಒಂದು ರಾತ್ರಿ ಬಂದೇ ಬರುತ್ತದೆ. ಉತ್ತರ ದೊರಕದ ಕಾರಣ ಅನೇಕರು ಒಳ್ಳೇ ಕೆಲಸವನ್ನು ನಡುವೆ ಬಿಟ್ಟಿದ್ದಾರೆ. ಇನ್ನು ಅನೇಕರು ಆರಂಭಿಸಲೇ ಇಲ್ಲ.

ಎರಡು ವಿಧದ ಕೂಲಿ

ಶಹಾಬಾದ ಮತ್ತು ವಾಡಿಯ ಕಡೆಯವರಿಗೆ ಎರಡು ವಿಧದ ಕೂಲಿ ಚೆನ್ನಾಗಿ ಗೊತ್ತು. ಒಂದು ಗುತ್ತಿಗೆಯ ಹಣ. ಒಪ್ಪಿಕೊಂಡ ಕೆಲಸವೆಲ್ಲಾ ಮುಗಿದರೆ ಅದು ಕೈಗೆ ಬರುವದು; ನಡುವೆ ನಿಂತರೆ ಜಗಳವೇ ಲಾಭ. ಇನ್ನೊಂದು ದಿನಗೂಲಿ. ಕಟ್ಟಡ ಏಳಲಿ, ಏಳದಿರಲಿ, ಆ ದಿವಸದ ದುಡಿತಕ್ಕೆ ಆ ಸಂಜೆಯೇ ಹಣ.

ದೊಡ್ಡ ಆಸೆಯನ್ನು ಹೊತ್ತು ನಡೆಯುವವನಿಗೂ ಈ ಎರಡು ಕೂಲಿಗಳು ಉಂಟು. ಗುರಿಯನ್ನು ಮುಟ್ಟಿದಾಗ ದೊರೆಯುವ ಸಂತೋಷವು ಗುತ್ತಿಗೆಯ ಹಣದ ಹಾಗೆ. ಅದು ಬಂದರೂ ಬರಬಹುದು, ಬಾರದೆ ಹೋಗಲೂಬಹುದು. ಆದರೆ ಒಳ್ಳೇ ಗುರಿಯ ಕಡೆಗೆ ಒಂದು ಹೆಜ್ಜೆ ಇಟ್ಟ ದಿವಸ ಮನಸ್ಸಿನಲ್ಲಿ ಹುಟ್ಟುವ ತೃಪ್ತಿಯು ದಿನಗೂಲಿಯ ಹಾಗೆ. ಅದನ್ನು ಯಾರೂ ಹಿಡಿದಿಟ್ಟುಕೊಳ್ಳಲಾರರು. ಗುತ್ತಿಗೆಯ ಹಣವೊಂದನ್ನೇ ನೋಡುತ್ತಾ ಕೂತವನು ದಿನಗೂಲಿಯನ್ನು ಎಣಿಸುವುದಕ್ಕೆ ಮರೆಯುತ್ತಾನೆ. ಆದಕಾರಣ ಅವನು ವರುಷಗಟ್ಟಲೆ ದುಡಿದೂ ತನ್ನನ್ನು ಬಡವನೆಂದೇ ತಿಳಿಯುತ್ತಾನೆ.

ಶಾಸ್ತ್ರದಲ್ಲಿ ಇದಕ್ಕೆ ದೃಷ್ಟಾಂತಗಳು ನಮಗೆ ತಿಳಿದವೇ. ಮೋಶೆಯು ನಾಲ್ವತ್ತು ವರುಷ ಜನರನ್ನು ನಡಿಸಿ ಕಡೆಗೆ ನೆಬೋ ಬೆಟ್ಟದ ಮೇಲಿಂದ ದೇಶವನ್ನು ಕಂಡನೇ ಹೊರತು ಅದರೊಳಗೆ ಕಾಲಿಡಲಿಲ್ಲ (ಧರ್ಮೋಪದೇಶಕಾಂಡ 34). ಆದರೂ ಅವನ ಜೀವಮಾನವು ವ್ಯರ್ಥವಾಯಿತೆಂದು ಯಾರೂ ಹೇಳುವದಿಲ್ಲ. ದಾವೀದನಿಗೆ ದೇವಾಲಯವನ್ನು ಕಟ್ಟಬೇಕೆಂಬ ಆಸೆ ಇತ್ತು. ಕಟ್ಟುವ ಕೆಲಸವು ಅವನಿಗೆ ಕೊಡಲ್ಪಡಲಿಲ್ಲ. ಹಾಗೆಂದು ಅವನು ಮುನಿಸಿಕೊಂಡು ಕೂಡ್ರಲಿಲ್ಲ. ಕಲ್ಲು, ಕಬ್ಬಿಣ, ಮರಗಳನ್ನು ಕೂಡಿಸಿಟ್ಟು, ನಕ್ಷೆಯನ್ನು ಮಗನಾದ ಸೊಲೊಮೋನನ ಕೈಗೆ ಕೊಟ್ಟನು (1 ಪೂರ್ವಕಾಲವೃತ್ತಾಂತ 22 ಮತ್ತು 28). ತಾನು ಕಾಣದ ಮನೆಗೆ ಕಲ್ಲು ಕೂಡಿಸುವುದರಲ್ಲಿಯೇ ಅವನಿಗೆ ಹಬ್ಬವಾಯಿತು.

ಆದರೆ ಇವರು ದೂರ ದೇಶದವರು, ಪೂರ್ವಕಾಲದವರು ಎಂದು ಯಾವನಾದರೂ ಹೇಳಾನು. ಹಾಗಾದರೆ ನಮ್ಮ ಮನೆಯ ಮುಂದಿನ ದೃಷ್ಟಾಂತಗಳನ್ನು ನೋಡೋಣ.

ಮಳಖೇಡದ ಪಾಠ

ಸೇಡಂ ತಾಲೂಕಿನ ಮಳಖೇಡವನ್ನು ನಿಮ್ಮಲ್ಲಿ ಎಷ್ಟೋ ಮಂದಿ ಕಂಡಿದ್ದೀರಿ. ಕಾಗಿಣಾ ನದಿಯ ದಡದಲ್ಲಿ ಹಾಳುಬಿದ್ದ ಕೋಟೆಯುಂಟು. ಇಂದು ದನ ಮೇಯುವ ಈ ಸ್ಥಳವು ಒಂದಾನೊಂದು ಕಾಲದಲ್ಲಿ ಮಾನ್ಯಖೇಟವೆಂಬ ರಾಜಧಾನಿಯಾಗಿತ್ತು. ರಾಷ್ಟ್ರಕೂಟ ವಂಶದ ಅಮೋಘವರ್ಷನು 814ನೇ ಇಸವಿಯಿಂದ 878ರ ವರೆಗೆ, ಅಂದರೆ ಅರುವತ್ತು ವರುಷಗಳಿಗೂ ಮಿಕ್ಕಿ, ಇಲ್ಲಿಂದ ರಾಜ್ಯವಾಳಿದನು. ಕನ್ನಡದಲ್ಲಿ ನಮಗೆ ದೊರೆತಿರುವ ಅತಿ ಹಳೇ ಗ್ರಂಥವಾದ ಕವಿರಾಜಮಾರ್ಗವು ಈ ಅರಸನ ಆಸ್ಥಾನದಲ್ಲಿಯೇ ಹುಟ್ಟಿತು.

ಆ ಅರಸನಿಗೆ ಗುರುವಾಗಿದ್ದವರು ಜಿನಸೇನರೆಂಬ ಜೈನ ಆಚಾರ್ಯರು. ಅವರ ಮತವು ನಮ್ಮ ಮತವಲ್ಲ. ಆದರೆ ಕೆಲಸವನ್ನು ಹೇಗೆ ಮಾಡಬೇಕೆಂಬದನ್ನು ನೆರೆಯವನಿಂದ ಕಲಿಯುವುದಕ್ಕೆ ನಾಚಿಕೆ ಯಾಕೆ? ಅವರ ಚರಿತ್ರೆಯು ಹೀಗಿದೆ.

ಜಿನಸೇನರ ಗುರುಗಳು ವೀರಸೇನರು. ಅವರು ಕಷಾಯಪಾಹುಡವೆಂಬ ಪ್ರಾಕೃತ ಗ್ರಂಥಕ್ಕೆ ಜಯಧವಲಾ ಎಂಬ ವ್ಯಾಖ್ಯಾನವನ್ನು ಬರೆಯತೊಡಗಿದರು. ಸುಮಾರು 20,000 ಶ್ಲೋಕಗಳಷ್ಟು ಬರೆದಾಗ ಅವರ ಆಯುಷ್ಯವು ತೀರಿತು. ಆಗ ಶಿಷ್ಯರಾದ ಜಿನಸೇನರು ಗುರುವು ನಿಲ್ಲಿಸಿದ ಸ್ಥಳದಲ್ಲೇ ಲೇಖನಿಯನ್ನು ಹಿಡಿದು, ಇನ್ನೂ 40,000 ಶ್ಲೋಕಗಳಷ್ಟನ್ನು ಬರೆದು, 837ರಲ್ಲಿ ಅದನ್ನು ಮುಗಿಸಿದರು. ಎಣಿಸಿ ನೋಡಿರಿ: ಆರಂಭಿಸಿದವರದು ಒಂದು ಪಾಲು, ಮುಂದುವರಿಸಿದವರದು ಎರಡು ಪಾಲು. ಆದರೂ ಆ ವ್ಯಾಖ್ಯಾನಕ್ಕೆ ಇಬ್ಬರ ಹೆಸರೂ ಉಂಟು.

ಇನ್ನು ಜಿನಸೇನರ ಸ್ವಂತ ಆಸೆಯನ್ನು ನೋಡೋಣ. ಅರುವತ್ತುಮೂರು ಮಹಾಪುರುಷರ ಚರಿತ್ರೆಗಳನ್ನು ಒಂದೇ ಗ್ರಂಥದಲ್ಲಿ ಹೇಳಬೇಕೆಂದು ಅವರು ಮಹಾಪುರಾಣವನ್ನು ಸಂಸ್ಕೃತದಲ್ಲಿ ಬರೆಯಲಾರಂಭಿಸಿದರು. ಮೊದಲನೆಯ ಭಾಗವಾದ ಆದಿಪುರಾಣದಲ್ಲಿ 47 ಪರ್ವಗಳು. 42 ಪರ್ವಗಳು ಮುಗಿದು, 43ನೆಯದರಲ್ಲಿ ಮೂರು ಶ್ಲೋಕಗಳಾದವು. ಅಷ್ಟರಲ್ಲಿ ಅವರು ಕಾಲವಾದರು. ಗುರುವಿನ ಕೆಲಸವನ್ನು ಮುಗಿಸಿಕೊಟ್ಟವರಿಗೆ ತಮ್ಮ ಕೆಲಸವನ್ನು ಮುಗಿಸುವ ಭಾಗ್ಯವಿರಲಿಲ್ಲ. ಆಗ ಅವರ ಶಿಷ್ಯರಾದ ಗುಣಭದ್ರರು ಮುಂದೆ ಬಂದು, ಆದಿಪುರಾಣದ ಉಳಿದ ಪರ್ವಗಳನ್ನು ಬರೆದು, ಉತ್ತರಪುರಾಣವನ್ನೂ ರಚಿಸಿ ಗ್ರಂಥವನ್ನು ಪೂರ್ಣಮಾಡಿದರು.

ಹೀಗೆ ಗುರು, ಶಿಷ್ಯ, ಶಿಷ್ಯನ ಶಿಷ್ಯ ಎಂದು ಮೂರು ತಲೆಮಾರು. ಮೊದಲನೆಯವರು ತಮ್ಮ ವ್ಯಾಖ್ಯಾನವನ್ನೂ ಎರಡನೆಯವರು ತಮ್ಮ ಪುರಾಣವನ್ನೂ ನಡುವೆ ಬಿಟ್ಟು ಹೋದರು. 42 ಪರ್ವಗಳನ್ನು ಬರೆದ ಆ ವರುಷಗಳಲ್ಲಿ ಜಿನಸೇನರಿಗೆ ತೃಪ್ತಿ ಇರಲಿಲ್ಲವೆಂದು ಹೇಳಬಹುದೋ? ಗುರುವು ಕೆಲಸದ ನಡುವೆ ತೀರಿಹೋದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ತಮಗೂ ಹಾಗಾಗಬಹುದೆಂದು ಅವರಿಗೆ ತಿಳಿಯದೆ ಇರಲಿಲ್ಲ. ತಿಳಿದೂ ಆರಂಭಿಸಿದರು. ಮುಗಿಸಿದ ದಿವಸದ ಸಂತೋಷಕ್ಕಾಗಿಯೇ ಬರೆಯುವವನು ಹೀಗೆ ಆರಂಭಿಸುವದಿಲ್ಲ.

ಇದರ ಫಲವು ಎಲ್ಲಿಗೆ ಮುಟ್ಟಿತೆಂಬದನ್ನೂ ಕೇಳಿರಿ. 941ರಲ್ಲಿ ಪಂಪ ಕವಿಯು ಕನ್ನಡದಲ್ಲಿ ಆದಿಪುರಾಣವನ್ನು ಬರೆದಾಗ ಅವನಿಗೆ ಆಧಾರವಾದದ್ದು ಜಿನಸೇನರ ಆ ಗ್ರಂಥವೇ. ವೀರಸೇನರ ಮತ್ತು ಜಿನಸೇನರ ವ್ಯಾಖ್ಯಾನಗಳು ಹಳಗನ್ನಡ ಲಿಪಿಯಲ್ಲಿ ತಾಳೆಗರಿಗಳ ಮೇಲೆ ಬರೆಯಲ್ಪಟ್ಟು ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಟ್ಟಲೆ ಭದ್ರವಾಗಿದ್ದವು. 1939ರಿಂದೀಚೆಗೆ ಅವು ಸಂಪುಟ ಸಂಪುಟವಾಗಿ ಅಚ್ಚಾಗತೊಡಗಿದವು. ಬರೆದವರಿಂದ ಅಚ್ಚಾದ ಪುಸ್ತಕದ ವರೆಗೆ ಸಾವಿರ ವರುಷಕ್ಕಿಂತ ಹೆಚ್ಚು ಕಾಲ ಹೋಯಿತು.

ಇನ್ನೊಂದು ಕಡೆಯನ್ನು ನೋಡಿರಿ. ಮಾನ್ಯಖೇಟದ ಅರಸರು ತಮ್ಮ ಆಸೆಯನ್ನು ಮುಟ್ಟಿದವರು. ಕೋಟೆ, ಅರಮನೆ, ಭಂಡಾರ, ದೂರ ದೇಶಗಳ ವರೆಗೆ ಹೆಸರು, ಎಲ್ಲವೂ ಕೈಗೆ ಬಂತು. ಆದರೂ ಅಮೋಘವರ್ಷನು ಕೊನೆಗಾಲದಲ್ಲಿ ರಾಜ್ಯಭಾರವನ್ನು ಬಿಟ್ಟು ವಿರಕ್ತನಾದನೆಂದು ಪರಂಪರೆಯಿಂದ ಹೇಳುತ್ತಾರೆ. 972ರಲ್ಲಿ ಮಾಳವದ ಪರಮಾರ ಅರಸನಾದ ಸೀಯಕನು ಬಂದು ಆ ರಾಜಧಾನಿಯನ್ನು ಸೂರೆಮಾಡಿದನು; ಮರು ವರುಷವೇ ರಾಷ್ಟ್ರಕೂಟರ ಆಳಿಕೆಯು ಚಾಲುಕ್ಯರ ಕೈಗೆ ಹೋಯಿತು. ಪೂರ್ಣವಾಗಿ ಕಟ್ಟಿದ ಅರಮನೆಯು ಮಣ್ಣಾಯಿತು, ಅಪೂರ್ಣವಾಗಿ ಬಿಟ್ಟ ಗ್ರಂಥವು ಉಳಿಯಿತು. ಇದರಿಂದ ಅರಮನೆ ಕಟ್ಟುವದು ಪಾಪವೆಂದು ನಾನು ಹೇಳುವದಿಲ್ಲ. ಮುಟ್ಟಿದ್ದೆಲ್ಲಾ ನಿಲ್ಲುವದಿಲ್ಲ, ಮುಟ್ಟದೆ ಇದ್ದದ್ದೆಲ್ಲಾ ನಾಶವಾಗುವದಿಲ್ಲ ಎಂಬಷ್ಟೇ ತಾತ್ಪರ್ಯ. ಪ್ರಸಂಗಿಯ ಎರಡನೆಯ ಅಧ್ಯಾಯದಲ್ಲಿಯೂ ಮನೆಗಳನ್ನು ಕಟ್ಟಿಸಿ, ತೋಟಗಳನ್ನು ಮಾಡಿಸಿ, ಎಲ್ಲವನ್ನೂ ಪಡೆದ ಮೇಲೆ ತಿರುಗಿ ನೋಡಿ ಬೇಸತ್ತ ಒಬ್ಬ ಅರಸನ ಮಾತನ್ನು ಓದುತ್ತೇವಷ್ಟೆ.

ಒಂದೊಂದು ಕಲ್ಲು ಕೊಟ್ಟವರು

ಚಿತ್ತಾಪುರ ತಾಲೂಕಿನಲ್ಲಿ, ಭೀಮಾ ನದಿಯ ದಡದ ಸನ್ನತಿಯ ಬಳಿಯಲ್ಲಿ, ಕನಗನಹಳ್ಳಿ ಎಂಬ ಊರುಂಟು. ಅಲ್ಲಿ 1990ರ ನಂತರದ ವರುಷಗಳಲ್ಲಿ ಪುರಾತತ್ವ ಇಲಾಖೆಯವರು ನೆಲವನ್ನು ಅಗೆದಾಗ ಬೌದ್ಧರ ದೊಡ್ಡ ಸ್ತೂಪವೊಂದರ ಅವಶೇಷಗಳು ಹೊರಬಂದವು. ಅಶೋಕ ಅರಸನ ರೂಪವನ್ನು ಕೆತ್ತಿ, ಅವನ ಹೆಸರನ್ನು ಬ್ರಾಹ್ಮೀ ಲಿಪಿಯಲ್ಲಿ ಬರೆದ ಕಲ್ಲು ದೊರೆತದ್ದು ಅಲ್ಲಿಯೇ. ಅರಸನ ರೂಪವನ್ನು ನೋಡುವುದಕ್ಕೆ ದೂರದಿಂದ ಜನ ಬರುತ್ತಾರೆ. ಆದರೆ ಈ ಪಾಠಕ್ಕೆ ಬೇಕಾದದ್ದು ಬೇರೆ ಕಲ್ಲುಗಳು.

ಆ ಸ್ತೂಪವು ಒಬ್ಬ ಅರಸನ ಕಾಲದಲ್ಲಿ ಎದ್ದು ನಿಂತದ್ದಲ್ಲ. ಕ್ರಿಸ್ತಪೂರ್ವ ಕಾಲದಲ್ಲಿ ಆರಂಭವಾಗಿ ಕೆಲವು ಶತಮಾನಗಳ ವರೆಗೆ ಅದನ್ನು ಬೆಳೆಸುತ್ತಾ, ಅಲಂಕರಿಸುತ್ತಾ ಬಂದರು. ಅಲ್ಲಿಯ ಎಷ್ಟೋ ಕಲ್ಲುಗಳ ಮೇಲೆ ಅವುಗಳನ್ನು ದಾನವಾಗಿ ಕೊಟ್ಟವರ ಹೆಸರುಗಳುಂಟು. ಅವರಲ್ಲಿ ಸನ್ಯಾಸಿಗಳೂ, ಸನ್ಯಾಸಿನಿಯರೂ, ಮನೆವಾರ್ತೆಯ ಸಾಮಾನ್ಯ ಜನರೂ ಇದ್ದಾರೆ. ಮೊದಲನೆಯ ಕಲ್ಲನ್ನು ಕೊಟ್ಟವನು ಕಡೆಯ ಕಲ್ಲನ್ನು ಕಾಣಲಿಲ್ಲ. ಕಡೆಯದನ್ನು ಕೊಟ್ಟವನಿಗೆ ಮೊದಲನೆಯವನ ಮುಖ ಗೊತ್ತಿರಲಿಲ್ಲ. ಪ್ರತಿಯೊಬ್ಬನೂ ತನ್ನ ಒಂದು ಕಲ್ಲನ್ನು ಕೊಟ್ಟು, ಅಷ್ಟರಲ್ಲಿ ಸಂತುಷ್ಟನಾಗಿ ಮನೆಗೆ ಹೋದನು.

ಶಹಾಬಾದದ ಗಣಿಯಲ್ಲಿ ದುಡಿಯುವ ನಮ್ಮ ಸಹೋದರರಿಗೆ ಈ ಸಂಗತಿ ಹೊಸದಲ್ಲ. ಸುತ್ತಿಗೆ ಉಳಿಗಳಿಂದ ಅವರು ಪದರು ಪದರಾಗಿ ಎಬ್ಬಿಸಿದ ಕಲ್ಲು ಗಾಡಿಯೇರಿ ಹೋಗುತ್ತದೆ. ಅದು ಯಾವ ಊರಿನ ಯಾರ ಮನೆಯ ನೆಲವಾಯಿತೆಂಬದು ಎಬ್ಬಿಸಿದವನಿಗೆ ತಿಳಿಯದು. ಆದರೂ ಒಳ್ಳೇ ಕೆಲಸಗಾರನು ಕಲ್ಲು ನೆಟ್ಟಗೆ ಸೀಳಿದಾಗ ಒಂದು ಕ್ಷಣ ನಿಂತು ಅದರ ಮೇಲೆ ಅಂಗೈಯನ್ನು ಆಡಿಸುತ್ತಾನೆ. ಆ ಕ್ಷಣವೇ ನಾನು ಹೇಳುವ ದಿನಗೂಲಿ.

ಮುಗಿಯದ ನಿಘಂಟು

ಇನ್ನೊಂದು ದೃಷ್ಟಾಂತವು ನಮ್ಮ ಭಾಷೆಗೆ ಸೇರಿದ್ದು. ಫರ್ಡಿನಂಡ್ ಕಿಟ್ಟೆಲ್ ಅಯ್ಯನವರು ಜರ್ಮನಿಯ ಉತ್ತರ ಸೀಮೆಯಲ್ಲಿ 1832ರಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಶನಿನ ಮೂಲಕ ನಮ್ಮ ದೇಶಕ್ಕೆ ಬಂದರು. ಕನ್ನಡವನ್ನು ಕಲಿಯುತ್ತಾ ಕಲಿಯುತ್ತಾ ಆ ಭಾಷೆಯ ಮಾತುಗಳನ್ನೆಲ್ಲಾ ಒಂದೆಡೆಗೆ ಕೂಡಿಸಬೇಕೆಂಬ ಆಸೆ ಅವರಲ್ಲಿ ಬೇರೂರಿತು. ಅದಕ್ಕಾಗಿ ಹಳೇ ಗ್ರಂಥಗಳನ್ನು ಹುಡುಕಿದರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ, ನಾಗವರ್ಮನ ಛಂದಶ್ಶಾಸ್ತ್ರವನ್ನು 1875ರಲ್ಲಿಯೂ ಅಚ್ಚು ಹಾಕಿಸಿದರು. ಜನರ ಬಾಯಿಯಲ್ಲಿದ್ದ ಗಾದೆಗಳನ್ನು ಸಹ ಬಿಡದೆ ಬರೆದುಕೊಂಡರು. ಕಡೆಗೆ 1894ರಲ್ಲಿ ಮಂಗಳೂರಿನಲ್ಲಿ ಅವರ ಕನ್ನಡ ಇಂಗ್ಲಿಷ್ ನಿಘಂಟು ಹೊರಬಂತು. ಅದರಲ್ಲಿ ಸುಮಾರು 70,000 ಶಬ್ದಗಳು. ಪುಟಗಳು ಸಾವಿರದ ಏಳುನೂರಕ್ಕೂ ಮೇಲೆ.

ಇವರಾದರೆ ಗುರಿಯನ್ನು ಮುಟ್ಟಿದರಲ್ಲಾ ಎಂದು ನೀವು ಕೇಳಬಹುದು. ಹೌದು, ಒಂದು ಗುರಿಯನ್ನು ಮುಟ್ಟಿದರು. ಆದರೆ ಮುಟ್ಟಿದ ಮೇಲೆ ಏನು ಮಾಡಿದರೆಂಬದನ್ನು ನೋಡಿರಿ. ಅರುವತ್ತೆರಡು ವರುಷ ವಯಸ್ಸಾಗಿದ್ದಾಗ ವಿಶ್ರಮಿಸಿಕೊಳ್ಳದೆ ಕನ್ನಡ ವ್ಯಾಕರಣದ ಕಡೆಗೆ ತಿರುಗಿದರು. ಆ ವ್ಯಾಕರಣವು 1903ರಲ್ಲಿ ಪ್ರಕಟವಾಯಿತು. ಅದೇ ವರುಷ ಅವರು ಜರ್ಮನಿಯಲ್ಲಿ ತೀರಿಕೊಂಡರು. ಮುಗಿಸಿದ ಪುಸ್ತಕದಿಂದಲೇ ತೃಪ್ತಿ ಬರುವದಾಗಿದ್ದರೆ 1894ರಲ್ಲೇ ಲೇಖನಿಯನ್ನು ಕೆಳಗಿಡುತ್ತಿದ್ದರು. ಹುಡುಕುವ ಕೆಲಸವೇ ಅವರಿಗೆ ಅನ್ನವಾಗಿತ್ತು.

ನಿಘಂಟಾದರೂ ನಿಜವಾಗಿ ಮುಗಿಯಿತೋ? ಜನರು ಮಾತಾಡುವ ತನಕ ಭಾಷೆಯು ಬೆಳೆಯುವದು. ಆದಕಾರಣ ನಿಘಂಟು ಎಂದಿಗೂ ಮುಗಿಯದು. ಕಿಟ್ಟೆಲರ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದರು, ಮತ್ತು ಮದ್ರಾಸು ವಿಶ್ವವಿದ್ಯಾಲಯವು 1968ರಿಂದ ಅದನ್ನು ನಾಲ್ಕು ಸಂಪುಟಗಳಾಗಿ ಪ್ರಕಟಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟಿನ ಮೊದಲನೆಯ ಸಂಪುಟವು 1970ರಲ್ಲಿ ಹೊರಬಂತು. ಎಂಟನೆಯದಾದ ಕಡೆಯ ಸಂಪುಟವು 1995ರಲ್ಲಿ. ಅದಕ್ಕಾಗಿ ದುಡಿದ ವಿದ್ವಾಂಸರಾದ ಡಿ. ಎಲ್. ನರಸಿಂಹಾಚಾರ್ಯರು ಮೊದಲನೆಯ ಸಂಪುಟ ಬಂದ ಮರು ವರುಷವೇ, 1971ರಲ್ಲಿ, ತೀರಿಕೊಂಡರು. ಕಡೆಯ ವರೆಗೆ ನಡಿಸಿದವರಲ್ಲಿ ಜಿ. ವೆಂಕಟಸುಬ್ಬಯ್ಯನವರು ಮುಖ್ಯರು, ಅವರು 2021ರಲ್ಲಿ ನೂರ ಏಳು ವರುಷದವರಾಗಿ ಕಾಲವಾಗುವ ತನಕ ಶಬ್ದಗಳ ವಿಚಾರವನ್ನು ಬಿಡಲಿಲ್ಲ. ಒಬ್ಬರಿಗೆ ಒಂದೇ ಸಂಪುಟವನ್ನು ಕಾಣುವಷ್ಟು ಆಯುಷ್ಯ, ಇನ್ನೊಬ್ಬರಿಗೆ ಎಂಟನ್ನೂ ಕಾಣುವಷ್ಟು. ಇಬ್ಬರದೂ ಒಂದೇ ಕೆಲಸ.

ನಮ್ಮ ಕೈಯಲ್ಲಿರುವ ಸತ್ಯವೇದವೂ ಹೀಗೆಯೇ ಬಂತು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಅಯ್ಯನವರು ಇಪ್ಪತ್ತು ವರುಷ ದುಡಿದ ಮೇಲೆ 1831ರ ಹೊತ್ತಿಗೆ ಅದು ಕನ್ನಡದಲ್ಲಿ ಪೂರ್ಣವಾಯಿತು. ಅದು ಮುಗಿಯಿತೆಂದು ಯಾರೂ ಸುಮ್ಮನಾಗಲಿಲ್ಲ. ಮುಂದಿನವರು ಅದನ್ನು ತಿದ್ದಿದರು, ಅವರ ಮುಂದಿನವರು ಮತ್ತೂ ತಿದ್ದಿದರು.

ಮೂರು ಎಚ್ಚರಿಕೆಗಳು

ಇಷ್ಟನ್ನು ಕೇಳಿದ ಮೇಲೆ ತಪ್ಪು ತಿಳುವಳಿಕೆ ಹುಟ್ಟದಂತೆ ಮೂರು ಮಾತುಗಳನ್ನು ಹೇಳತಕ್ಕದ್ದು.

ಮೊದಲನೆಯದು. ಕನಸು ಕಾಣುವದು ಬೇರೆ, ಅದರ ಹಿಂದೆ ನಡೆಯುವದು ಬೇರೆ. ಕಟ್ಟೆಯ ಮೇಲೆ ಕೂತು “ನಾನು ಬಾವಿ ತೋಡಿಸುವೆನು, ತೋಟ ಮಾಡುವೆನು” ಎಂದು ಹತ್ತು ವರುಷ ಹೇಳುತ್ತಾ ಬಂದವನಿಗೆ ದಿನಗೂಲಿ ಸಿಕ್ಕುವದಿಲ್ಲ, ಯಾಕಂದರೆ ಅವನು ಒಂದು ದಿವಸವೂ ಕೆಲಸಕ್ಕೆ ಬರಲಿಲ್ಲ. ಜಿನಸೇನರ ಗ್ರಂಥವು ಅಪೂರ್ಣವಾಗಿತ್ತು, ಸರಿ. ಆದರೆ 42 ಪರ್ವಗಳು ಪೂರ್ಣವಾಗಿದ್ದವು. “ಮುಟ್ಟದಿದ್ದರೂ ಚಿಂತೆಯಿಲ್ಲ” ಎಂಬ ಮಾತು ನಡೆಯುವವನಿಗೆ ಮದ್ದು, ಕೂತವನಿಗೆ ವಿಷ.

ಎರಡನೆಯದು. ಗುರಿಯು ತನ್ನಲ್ಲಿಯೇ ಒಳ್ಳೇದಾಗಿರಬೇಕು. ನೆರೆಯವನ ಹೊಲದ ಒಡ್ಡನ್ನು ಸರಿಸುವುದಕ್ಕಾಗಿ ಕೋರ್ಟಿಗೆ ಇಪ್ಪತ್ತು ವರುಷ ಅಲೆಯುವವನೂ ಬೆನ್ನಟ್ಟುತ್ತಾನೆ, ಜೂಜಾಡುವವನೂ ಬೆನ್ನಟ್ಟುತ್ತಾನೆ. ಅವರ ದಾರಿಯಲ್ಲಿ ಸಂಜೆಯ ಕೂಲಿಯಿಲ್ಲ, ಸಂಜೆಯ ಸಾಲವಿದೆ. ಪರೀಕ್ಷೆ ಹೀಗೆ: ನಾನು ನಾಳೆ ಈ ಕೆಲಸವನ್ನು ನಡುವೆ ಬಿಟ್ಟು ಹೋದರೆ, ಇಂದಿನ ವರೆಗೆ ಮಾಡಿದ್ದರಿಂದ ಯಾರಿಗಾದರೂ ಉಪಯೋಗವಾಗುವದೋ? ಅರ್ಧ ತಿದ್ದಿದ ಹೊಲದಿಂದ ಉಪಯೋಗವುಂಟು. ಅರ್ಧ ಓದಿದ ಮಗುವಿಗೆ ಅಷ್ಟಾದರೂ ಓದು ಉಂಟು. ಅರ್ಧ ನಡೆದ ವ್ಯಾಜ್ಯದಿಂದ ಯಾರಿಗೂ ಏನೂ ಇಲ್ಲ.

ಮೂರನೆಯದು ಬಹು ಮುಖ್ಯವಾದದ್ದು. ಸಲ್ಲತಕ್ಕ ಹಕ್ಕು ಕನಸಲ್ಲ. ಗಣಿಯಲ್ಲಿ ದುಡಿದವನಿಗೆ ಕೂಲಿ ಕೊಡದೆ, “ದಾರಿಯಲ್ಲಿ ಸಂತೋಷ ಪಡು, ಗುರಿಯನ್ನು ನೋಡಬೇಡ” ಎಂದು ಹೇಳುವವನು ಈ ಪಾಠವನ್ನು ಕದ್ದವನು. ಹಸಿದವನಿಗೆ ರೊಟ್ಟಿಯೂ, ದುಡಿದವನಿಗೆ ಹಣವೂ, ರೋಗಿಗೆ ಔಷಧವೂ, ಹುಡುಗಿಗೆ ಶಾಲೆಯೂ ಈ ಹೊತ್ತೇ ಸಲ್ಲತಕ್ಕವು. ಅವುಗಳಿಗಾಗಿ ಹೋರಾಡುವವನು ಹೋರಾಟದಲ್ಲಿ ಧೈರ್ಯವನ್ನೂ ಸ್ನೇಹವನ್ನೂ ಪಡೆದಾನು, ನಿಜ. ಆದರೆ ಅದರಿಂದ ಕೊಡಬೇಕಾದವನ ಸಾಲ ತೀರುವದಿಲ್ಲ. ನಾನು ಈ ಪಾಠದಲ್ಲಿ ಹೇಳುವದು ತಾನೇ ಮನಸಾರೆ ಆರಿಸಿಕೊಂಡ ದೊಡ್ಡ ಕೆಲಸದ ವಿಷಯವಾಗಿ ಮಾತ್ರ.

ದಿನಗೂಲಿಯನ್ನು ಪಡೆಯುವ ಬಗೆ

ಹೀಗಿರಲಾಗಿ ನಾವು ಮಾಡತಕ್ಕದ್ದೇನು? ಮೊದಲು, ದೊಡ್ಡ ಆಸೆಯನ್ನು ಒಂದು ದಿವಸದ ಅಳತೆಗೆ ತುಂಡುಮಾಡಬೇಕು. ಮುದುಕಿಗೆ ಎರಡು ಸಾಲು, ರೈತನಿಗೆ ಎರಡು ಮಾರು ಒಡ್ಡು, ತಾಯಿಗೆ ಮಗು ಶಾಲೆಗೆ ಹೋದ ಒಂದು ದಿವಸ. ಸಂಜೆಗೆ ಅಷ್ಟಾಯಿತೋ ಎಂದು ನೋಡಿಕೊಂಡು, ಆಗಿದ್ದರೆ ಸ್ತೋತ್ರಮಾಡಿ ಮಲಗಬೇಕು.

ಎರಡನೆಯದಾಗಿ, ಬದುಕಿರುವಾಗಲೇ ಮತ್ತೊಬ್ಬನಿಗೆ ಕಲಿಸಬೇಕು. ವೀರಸೇನರಿಗೆ ಜಿನಸೇನರಂಥ ಶಿಷ್ಯರೂ, ಜಿನಸೇನರಿಗೆ ಗುಣಭದ್ರರಂಥ ಶಿಷ್ಯರೂ ಇಲ್ಲದಿದ್ದರೆ ಅಪೂರ್ಣವಾದದ್ದು ಅಪೂರ್ಣವಾಗಿಯೇ ಹುಳ ತಿಂದು ಹೋಗುತ್ತಿತ್ತು. ನನ್ನ ಕೆಲಸವನ್ನು ಮತ್ತೊಬ್ಬನು ಮುಗಿಸಿ ಹೆಸರು ಪಡೆದಾನೆಂದು ಹೆದರುವವನು ಕೆಲಸವನ್ನಲ್ಲ, ತನ್ನ ಹೆಸರನ್ನೇ ಪ್ರೀತಿಸಿದವನು.

ಮೂರನೆಯದಾಗಿ, ಹಿರಿಯರು ಬಿಟ್ಟುಹೋದದ್ದನ್ನು ಕೈಗೆತ್ತಿಕೊಳ್ಳಬೇಕು. ಜಿನಸೇನರು ಗುರುವಿನ ಕೆಲಸವನ್ನು ತಳ್ಳಿಹಾಕಿ ತಮ್ಮದನ್ನೇ ನೋಡಿಕೊಳ್ಳಲಿಲ್ಲ. ನಮ್ಮ ಊರುಗಳಲ್ಲಿ ತಂದೆಯು ಅರ್ಧ ತೋಡಿದ ಬಾವಿ, ಅಜ್ಜನು ನೆಟ್ಟು ಈಗ ನೀರಿಲ್ಲದೆ ಒಣಗುತ್ತಿರುವ ಮಾವಿನ ಗಿಡ, ಹಿರಿಯರು ಆರಂಭಿಸಿ ನಿಂತುಹೋದ ರಾತ್ರಿಶಾಲೆ, ಇಂಥವು ಎಷ್ಟೋ ಉಂಟು. ಹೊಸ ಕನಸು ಕಾಣುವುದಕ್ಕೆ ಮುಂಚೆ ಅವುಗಳನ್ನು ಒಮ್ಮೆ ನೋಡಿ ಬರಬೇಕು.

ಪೌಲನು ಸೆರೆಯಲ್ಲಿದ್ದಾಗ ಫಿಲಿಪ್ಪಿಯವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ, ತಾನು ಇನ್ನೂ ಹಿಡಿದವನಲ್ಲ, ಹಿಡಿಯುವುದಕ್ಕಾಗಿ ಓಡುತ್ತಿರುವವನು ಎಂಬ ಅರ್ಥದಲ್ಲಿ ತನ್ನ ವಿಷಯವಾಗಿ ಹೇಳಿಕೊಂಡನು. ಆ ಪತ್ರವನ್ನು ಪೂರ್ತಿಯಾಗಿ ಓದಿರಿ. ಹಿಡಿಯದವನು ಬರೆದ ಪತ್ರ ಅದು. ಆದರೂ ಸಂತೋಷವೆಂಬ ಮಾತು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ.

ಇನ್ನು ಆ ಮುದುಕಿಯ ಸಂಗತಿ. ಆಕೆ ಎರಡು ಬೇಸಿಗೆಗಳಲ್ಲಿ ಮಾರ್ಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದ ವರೆಗೆ ಓದಿದಳು. ಬಳಿಕ ಕಣ್ಣು ಪೂರಾ ಮಂಜಾಯಿತು. ಪುಸ್ತಕವನ್ನು ಮೊಮ್ಮಗಳ ಕೈಗೆ ಕೊಟ್ಟಳು. ಶಾಲೆಯಿಂದ ಬಂದ ಹುಡುಗಿಯು ಹತ್ತನೆಯ ಅಧ್ಯಾಯದಿಂದ ಗಟ್ಟಿಯಾಗಿ ಓದುವಳು. ಮುದುಕಿ ಗೋಡೆಗೆ ಒರಗಿ ಕೇಳುವಳು. ಹುಡುಗಿ ಅವಸರದಿಂದ ಒಂದು ಮಾತನ್ನು ನುಂಗಿದರೆ, “ತಡಿ, ಅಲ್ಲಿ ಒತ್ತಕ್ಷರ ಇರಬೇಕು ನೋಡು” ಅನ್ನುವಳು. ನೆರೆಯವರು ಈಗ ನಗುವದಿಲ್ಲ. ಅವರಲ್ಲಿ ಇಬ್ಬರು ತಮ್ಮ ಹೆಣ್ಣುಮಕ್ಕಳನ್ನು ರಾತ್ರಿ ಅಲ್ಲಿಗೆ ಕಳುಹಿಸುತ್ತಾರೆ.

ಕೂಟಗಳಲ್ಲಿ ಕೇಳತಕ್ಕ ಪ್ರಶ್ನೆಗಳು

1. ಗುತ್ತಿಗೆಯ ಹಣಕ್ಕೂ ದಿನಗೂಲಿಗೂ ಇರುವ ಭೇದವನ್ನು ನಿಮ್ಮ ಸ್ವಂತ ಕೆಲಸದ ದೃಷ್ಟಾಂತದಿಂದ ಹೇಳಿರಿ.

2. ದಾವೀದನು ತಾನು ಕಟ್ಟಲಾರದ ಆಲಯಕ್ಕಾಗಿ ಏನೇನು ಸಿದ್ಧಮಾಡಿದನು? 1 ಪೂರ್ವಕಾಲವೃತ್ತಾಂತ 22ನ್ನು ಓದಿ ಉತ್ತರ ಕೊಡಿರಿ.

3. ವೀರಸೇನರು, ಜಿನಸೇನರು, ಗುಣಭದ್ರರು ಇವರಲ್ಲಿ ಯಾರ ಕೆಲಸವು ಹೆಚ್ಚು ಕಷ್ಟವಾದದ್ದೆಂದು ನಿಮಗೆ ತೋರುತ್ತದೆ? ಯಾಕೆ?

4. “ಸಲ್ಲತಕ್ಕ ಹಕ್ಕು ಕನಸಲ್ಲ” ಎಂಬದರ ಅರ್ಥವೇನು? ನಿಮ್ಮ ಊರಲ್ಲಿ ಇವೆರಡನ್ನು ಬೆರಸಿ ಮಾತಾಡುವದನ್ನು ಕೇಳಿದ್ದೀರೋ?

5. ನಿಮ್ಮ ಮನೆಯಲ್ಲಿ ಅಥವಾ ಊರಲ್ಲಿ ಹಿರಿಯರು ಆರಂಭಿಸಿ ನಡುವೆ ನಿಂತುಹೋದ ಒಂದು ಒಳ್ಳೇ ಕೆಲಸವನ್ನು ಹೆಸರಿಸಿರಿ. ಅದರಲ್ಲಿ ಒಂದು ದಿವಸದ ಪಾಲನ್ನು ಈ ವಾರ ಯಾರು ಮಾಡುವಿರಿ?